ಅರಿವೆ ಕಟ್ಟದೆ ಹೊಸ್ತಿಲು ದಾಟುವಂತಿಲ್ಲ

ಗಂಜಿ ಕುದಿಯುವ ವಾಸನೆ ಮೂಗಿಗೆ ಬಡಿದರೆ ಸಾಕು, ಎಷ್ಟೇ ಗಾಢ ನಿದ್ದೆಯಲ್ಲಿದ್ದರೂ ಎದ್ದು ಕೂಡುತ್ತೇನೆ. ಮಗ್ಗದ ಮನೆ ಬಿಟ್ಟು ಜಮಖಂಡಿಗೆ ಬಂದ ಮೇಲೆ ಆ ವಾಸನೆ ನನಗೆ ಸಿಗುವುದು ರಬಕವಿಯಲ್ಲಿ, ಮಗಳು ಈರವ್ವನ ಮನೆಗೆ ಹೋದಾಗ ಮಾತ್ರ. ಹೋದ ತಿಂಗಳು ಮೊಮ್ಮಗಳ ಕಿವಿ ಚುಚ್ಚಿಸುವುದಿತ್ತು, ಹೋಗಿದ್ದೆ. ಬೆಳಿಗ್ಗೆ ಹಿತ್ತಲಲ್ಲಿ ನೂಲಿಗೆ ಹಾಕುವ ಗಂಜಿ ಕೊತಕೊತ ಕುದಿಯುತ್ತಿತ್ತು. ಅಳಿಯಂದಿರು ಮಗ್ಗದ ಕುಣಿಯಲ್ಲಿ, ಆ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಅಡ್ಡ ಎಳೆ ಒಯ್ಯುವ ಲಾಳಿಯಲ್ಲಿ ನೂಲು ಮುಗಿದಿತ್ತು. ನೂಲು ಸುತ್ತಿದ ಹೊಸ ಕಂಡಿಕೆ ಹಾಕಿ, ಲಾಳಿಯ ಪಕ್ಕದ ಸಣ್ಣ ತೂತಿಗೆ ಬಾಯಿ ಹಚ್ಚಿ ಜೋರಾಗಿ ಹೀರಿದರು. ಎಳೆ ಹೊರಗೆ ಬಂತು. ತುಟಿಗೆ ಅಂಟಿದ್ದನ್ನು ಬೆರಳಿನಿಂದ ತೆಗೆದು ಮತ್ತೆ ನೇಯಲು ಸುರು ಮಾಡಿದರು.

ನೇಕಾರರೆಲ್ಲ ಹಾಗೇ ಮಾಡುತ್ತಾರೆ. ಅದರಲ್ಲಿ ತಪ್ಪು ಹುಡುಕುವವರು ಬಹುಶಃ ಈ ಊರಲ್ಲೆಲ್ಲ ನಾನೊಬ್ಬಳೇ. ಅಳಿಯನ ಮನೆಯಲ್ಲಿ ಅತ್ತೆಯಾದವಳು ಬಾಯಿ ಮುಚ್ಚಿಕೊಂಡು ಇರಬೇಕು ಎಂಬುದೂ ನನಗೆ ಗೊತ್ತು. ಆದರೂ ತಡೆಯಲಾಗಲಿಲ್ಲ.

“ಅಳಿಯಂದಿರ, ಲಾಳಿಗೆ ಬಾಯಿ ಹಚ್ಚಬ್ಯಾಡ್ರಿ” ಎಂದೆ.

ಅವರು ನಕ್ಕರು. “ನಮ್ಮಪ್ಪ, ನಮ್ಮ ಮುತ್ಯಾ ಎಲ್ಲಾರೂ ಹಿಂಗ ಹೀರಿದವರ್ರಿ ಅತ್ತಿ. ಏನಾಗೇತಿ ಅವರಿಗೆ?”

“ನಿಮ್ಮವರಿಗೆ ಏನೂ ಆಗಿಲ್ಲ. ನಮ್ಮ ಮಾವಗ ಆತು.”

ರಾಟೆಯ ಮುಂದೆ ಕಂಡಿಕೆ ಸುತ್ತುತ್ತಿದ್ದ ಈರವ್ವ ತಲೆ ಎತ್ತದೆ ಅಂದಳು: “ನಾ ಹೇಳಿ ಹೇಳಿ ಸಾಕಾಗೇತಿ ಯವ್ವಾ. ಈಗ ನೀ ಹೇಳು.”

ಹೇಳಿದೆ. ಅವರಿಗೆ ಹೇಳುವಾಗ ಮಗ್ಗದ ಸದ್ದಿನ ನಡುವೆ ಅರ್ಧ ಹೇಳಿದೆ, ಅರ್ಧ ನುಂಗಿದೆ. ಇಲ್ಲಿ ಪೂರ್ತಿ ಬರೆಯುತ್ತೇನೆ.

ಅದು ಜರ್ಮನಿಯ ದೊಡ್ಡ ಯುದ್ಧ ಮುಗಿಯುತ್ತ ಬಂದಿದ್ದ ವರ್ಷ. ಮಳೆ ಕೈಕೊಟ್ಟಿತ್ತು, ಜೋಳ ತುಟ್ಟಿಯಾಗಿತ್ತು. ನಾನು ಬನಹಟ್ಟಿಯ ಸೀರೆ ಅಂಗಡಿಯವರ ಮನೆಗೆ ಸೊಸೆಯಾಗಿ ಬಂದು ಬಹಳ ದಿನವಾಗಿರಲಿಲ್ಲ. ಹೊಟ್ಟೆಯಲ್ಲಿ ಮೊದಲ ಕೂಸು. ದಸರೆಗೆ ಸ್ವಲ್ಪ ಮುಂಚೆ, ಕುಡಚಿ ಸ್ಟೇಷನ್ನಿನಲ್ಲಿ ರೈಲಿಳಿದು ಬಂದವರ ಸಂಗಡ ಒಂದು ಜ್ವರ ನಮ್ಮ ಕಡೆಗೆ ಬಂತು. ಮರಾಠಿ ಮಂದಿ ಅದಕ್ಕೆ ಮಾನಮೋಡಿ, ಅಂದರೆ ಕುತ್ತಿಗೆ ಮುರಿಯುವುದು, ಎಂದರು, ನಾವೂ ಹಾಗೇ ಕರೆದೆವು. ಹೆಸರಿಗೆ ತಕ್ಕ ಹಾಗೆ, ಬಂದವರ ಕುತ್ತಿಗೆ ನಿಲ್ಲುತ್ತಿರಲಿಲ್ಲ. ಮುಂಜಾನೆ ಮಗ್ಗಕ್ಕೆ ಕೂತವನು ಸಂಜೆಗೆ ತಲೆ ಎತ್ತಲಾರದೆ ಮಲಗುತ್ತಿದ್ದ. ಪ್ಲೇಗು ನಮಗೆ ಗೊತ್ತಿತ್ತು. ಇಲಿ ಬಿದ್ದರೆ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುವುದು ರೂಢಿಯಾಗಿತ್ತು. ಇದರಲ್ಲಿ ಇಲಿಯೂ ಬೀಳಲಿಲ್ಲ, ಯಾವುದರಿಂದ ಓಡಬೇಕೆಂಬುದೂ ತಿಳಿಯಲಿಲ್ಲ.

ನಮ್ಮ ಮನೆ ಹೇಗಿತ್ತೆಂದು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮುಂದಿನ ಬಾಗಿಲು ಪೇಟೆಗೆ, ಹಿಂದಿನ ಬಾಗಿಲು ನೇಕಾರರ ಓಣಿಗೆ. ಮುಂದೆ ಅಂಗಡಿ, ನಡುವೆ ಮಗ್ಗ, ಹಿಂದೆ ಅಡಿಗೆಮನೆ. ಅಂಗಡಿ ನನ್ನ ಅತ್ತೆ ನೀಲವ್ವನದು, ಮಗ್ಗ ಮಾವ ಈರಪ್ಪನದು. ಇಬ್ಬರೂ ಒಬ್ಬರ ರಾಜ್ಯದಲ್ಲಿ ಇನ್ನೊಬ್ಬರು ಕೈ ಹಾಕುತ್ತಿರಲಿಲ್ಲ. ಅತ್ತೆ ಗಿಡ್ಡ ಆಳು, ದನಿ ಮಾತ್ರ ಪೇಟೆಯ ಆ ತುದಿಗೆ ಕೇಳಿಸುತ್ತಿತ್ತು. ಮಾವ ಓಣಿಗೆಲ್ಲ ಹಿರಿಯ ನೇಕಾರ. ಯಾರ ಲಾಳಿ ಹಿಡಿದರೂ, ಯಾರ ಮಗ್ಗ ಮುನಿಸಿಕೊಂಡರೂ ಹಿಂದಿನ ಬಾಗಿಲಿಗೆ ಬಂದು ಈರಪ್ಪಣ್ಣಾ ಎಂದು ಕೂಗುತ್ತಿದ್ದರು. ನನ್ನ ಗಂಡ ಈ ಇಬ್ಬರ ನಡುವೆ ಬೆಳೆದದ್ದರಿಂದ ಹೆಚ್ಚು ಮಾತಾಡುವ ಅಭ್ಯಾಸವೇ ಅವರಿಗಿರಲಿಲ್ಲ.

ಜ್ವರ ಬಂದ ಮೊದಲ ವಾರ ಪಕ್ಕದ ಓಣಿಯ ಒಬ್ಬ ಬಸುರಿ ತೀರಿಕೊಂಡಳು. ಆಮೇಲೆ ಇನ್ನೊಬ್ಬಳು. ಸೂಲಗಿತ್ತಿ ನಮ್ಮ ಅಡಿಗೆಮನೆಯಲ್ಲಿ ಅತ್ತೆಯ ಕಿವಿಯ ಹತ್ತಿರ ಬಾಗಿ, “ಹೊಟ್ಯಾಗ ಕೂಸ ಇದ್ದವರನ್ನ ಇದು ಬಿಡವಲ್ದು ನೀಲವ್ವಾ” ಎಂದದ್ದು ನನಗೆ ಕೇಳಿಸಿತು. ಅತ್ತೆ ನನ್ನ ಕಡೆ ನೋಡಲಿಲ್ಲ. ನೋಡದ್ದರಿಂದಲೇ ನನಗೆ ಭಯವಾಯಿತು.

ಅದೇ ದಿನ ಎದುರು ಮನೆಗೆ ಸಂಸ್ಥಾನದ ದವಾಖಾನೆಯ ಡಾಕ್ಟರು ಬಂದರು. ಮೂಗು ಬಾಯಿ ಮುಚ್ಚಿ ಬಿಳಿ ಅರಿವೆ ಕಟ್ಟಿಕೊಂಡಿದ್ದರು. ಅತ್ತೆ ಅಂಗಡಿಯಿಂದ ಇಳಿದು ಹೋಗಿ ಅವರ ಟಾಂಗಾದ ಮುಂದೆ ನಿಂತೇ ಬಿಟ್ಟಳು.

“ಯಪ್ಪಾ, ಬಾಯಿಗೆ ಅರಿವಿ ಯಾಕ?”

“ಉಸುರಿನ್ಯಾಗ ಬರತೈತಿ ಈ ಬ್ಯಾನಿ. ಕೆಮ್ಮಿದ್ರ, ಮಾತಾಡಿದ್ರ ಹತ್ತತೈತಿ.”

“ಅರಿವಿ ಕಟ್ಟಿದ್ರ ಹತ್ತೂದಿಲ್ಲೇನ್ರಿ?”

“ಹತ್ತೂದಿಲ್ಲ ಅಂತ ಹೇಳಾಕ ನಾ ದೇವರಲ್ಲ. ಕಡಿಮಿ ಹತ್ತತೈತಿ.”

ಅಷ್ಟು ಸಾಕಾಯಿತು ಅತ್ತೆಗೆ. ಮಗ್ಗದಲ್ಲಿ ಉದ್ದ ನೂಲಿನ ಒಂದು ಹಾಸು ಮುಗಿದಾಗ ಕೊನೆಯಲ್ಲಿ ಗೇಣಷ್ಟು ನೇಯದ ನೂಲು, ಗೇಣಷ್ಟು ಹರಕು ಬಟ್ಟೆ ಉಳಿಯುತ್ತದೆ. ಅಂಥ ತುಂಡುಗಳು ಮನೆಯಲ್ಲಿ ಗಂಟುಗಟ್ಟಲೆ ಇದ್ದವು. ಅವನ್ನು ಕತ್ತರಿಸಿ, ಎರಡು ಕಡೆ ಲಾಡಿ ಹಚ್ಚಿ, ಗಂಜಿಯ ಹಂಡೆಯಲ್ಲಿ ಕುದಿಸಿ ಒಣಹಾಕಿದಳು. ಅಂಗಡಿಯ ಬಾಗಿಲ ಚೌಕಟ್ಟಿಗೆ ಒಂದು ಗೂಟ ಬಡಿಸಿ ಅದಕ್ಕೆ ತೂಗುಬಿಟ್ಟಳು. ಕಟ್ಟಿ ಬಿಚ್ಚಿದ್ದನ್ನು ಹಾಕಲು ಕೆಳಗೊಂದು ಗಡಿಗೆ. ಅರಿವೆ ಕಟ್ಟದವರು ಹೊಸ್ತಿಲು ದಾಟುವಂತಿಲ್ಲ ಎಂದು ಸಾರಿ, ತಾನೂ ಒಂದನ್ನು ಬಿಗಿದುಕೊಂಡು ಗಾದಿಯ ಮೇಲೆ ಕೂತಳು. ಅಂಗಡಿಯೆಂದರೆ ದಿನವಿಡೀ ಊರ ಉಸಿರು ಬಂದು ಹೋಗುವ ಜಾಗ, ಒಳಗಿನ ಬಾಗಿಲ ಆಚೆ ನಾನು. ಅವಳ ಲೆಕ್ಕ ಇಷ್ಟೇ ಇತ್ತು.

ಹೆಂಗಸರ ತಕರಾರೇನೂ ಬರಲಿಲ್ಲ. ಹಿರಿಯರ ಮುಂದೆ ಬಾಯಿಗೆ ಸೆರಗು ಹಿಡಿದೇ ಬೆಳೆದವರು ನಾವು, ಅರಿವೆಯೇನು, ಸೆರಗೇನು? ಸೀರೆಯ ದರಕ್ಕೆ ಜಗ್ಗಾಡುವಾಗ ಮಾತ್ರ ಮೋಜು. ಗಿರಾಕಿಯ ತುಟಿಯ ಅಂಚು ನೋಡಿಯೇ ಅವಳ ಆಸೆ ಎಷ್ಟೆಂದು ಹೇಳುತ್ತಿದ್ದ ಅತ್ತೆಗೆ ಈಗ ಕಣ್ಣಷ್ಟೇ ಕಾಣುತ್ತಿತ್ತು. “ಕಣ್ಣಾಗ ಒಂದ ಹೇಳ್ತೀ, ಕೈಯಾಗ ಸೀರಿ ಬಿಡವಲ್ಲಿ. ತಗೊಳ್ಳಾಕಿನೋ ಹೋಗಾಕಿನೋ?” ಎಂದು ರೇಗಿಸುತ್ತಿದ್ದಳು. ಒಬ್ಬ ಒಕ್ಕಲಗಿತ್ತಿ ಮಾತ್ರ ಮೊದಲ ದಿನ ಮೋರೆ ಕೆಂಪು ಮಾಡಿ ಕೇಳಿದಳು: “ನಮ್ಮ ಉಸುರಿಗೆ ನಿಮ್ಮ ಸೀರಿ ಮೈಲಿಗಿ ಆಗತಾವೇನ?”

“ಗುಡ್ಯಾಗ ದೇವರಿಗೆ ಎಡಿ ಮಾಡೂ ಅಯ್ಯನವರು ಬಾಯಿ ಕಟ್ಟತಾರಲ್ಲ, ದೇವರು ಮೈಲಿಗಿ ಅಂತ ಕಟ್ಟತಾರೇನ?” ಅತ್ತೆ ಕೇಳಿದಳು. “ದೇವರಿಗೆ ಮರ್ಯಾದಿ ಅಂತ ಕಟ್ಟತಾರ. ಒಳಗ ನನ್ನ ಸೊಸಿ ಅದಾಳ, ಬಸುರಿ. ಆಕಿಗೆ ಒಂದಿಷ್ಟ ಮರ್ಯಾದಿ ಕೊಡ ತಂಗಿ.”

ಅವಳು ಕಟ್ಟಿಕೊಂಡಳು. ತೇರದಾಳದಿಂದ ಬರುತ್ತಿದ್ದ ಜೈನರ ಮನೆಯ ಹೆಣ್ಣುಮಕ್ಕಳಿಗಂತೂ ಹೇಳುವುದೇ ಬೇಕಾಗಿರಲಿಲ್ಲ. ನೀರನ್ನೂ ಅರಿವೆಯಲ್ಲಿ ಸೋಸಿ ಕುಡಿಯುವ ಮಂದಿ ಅವರು, ಉಸಿರನ್ನು ಸೋಸುವುದು ಅವರಿಗೆ ಸಹಜವಾಗಿಯೇ ಕಂಡಿತು.

ಕಷ್ಟ ಬಂದದ್ದು ಗಂಡಸರಿಂದ, ಮತ್ತು ನಿಜ ಹೇಳಬೇಕೆಂದರೆ ಅವರ ಮೀಸೆಯಿಂದ. ನಮ್ಮ ಕಡೆ ಗಂಡಸು ಮೀಸೆ ಮುಚ್ಚಿಕೊಂಡು ನಾಲ್ಕು ಮಂದಿಯ ನಡುವೆ ನಿಂತರೆ ಸೋತುಬಂದವನೆಂದು ಅರ್ಥ, ಇಲ್ಲವೆ ದರೋಡೆಗೆ ಹೊರಟವನೆಂದು. ಒಬ್ಬ ಅರಿವೆಯನ್ನು ಮೀಸೆಯ ಕೆಳಗೆ ಕಟ್ಟಿಕೊಂಡು ಬಂದ. ಇನ್ನೊಬ್ಬ ಮೂಗಿನ ಮೇಲೆ ಅಷ್ಟೇ ಇಟ್ಟುಕೊಂಡ. ಕಚೇರಿಯ ಕಾರಕೂನನೊಬ್ಬ ಹೊಸ್ತಿಲಲ್ಲಿ ನಿಂತು, “ಸರಕಾರದ ಬಾಯಿ ಕಟ್ಟತೀ ಏನಬೇ?” ಎಂದು ಗದರಿದ. “ಸರಕಾರ ಹೊರಗ ನಿಂತು ನೋಡಲಿ, ನಾ ಸೀರಿ ಇಲ್ಲೇ ಹಾಸಿ ತೋರಸ್ತೀನಿ” ಎಂದಳು ಅತ್ತೆ. ಅವನು ಹೊರಗೇ ನಿಂತು ನೋಡಿ, ಹೊರಗೇ ಕೊಂಡು ಹೋದ.

ಮುಧೋಳ ಕಡೆಯ ಚನ್ನಗೌಡರು ಬಂದ ದಿನ ಆಟ ಮುಗಿಯಿತು. ಅವರು ನಮ್ಮ ದೊಡ್ಡ ಗಿರಾಕಿ. ಅವರ ಊರಲ್ಲಿ ಮದುವೆಯಾಗಲಿ ಕುಬಸವಾಗಲಿ, ಸೀರೆ ನಮ್ಮಲ್ಲೇ. ಗೌಡರು ಎಲ್ಲಿ ಕೊಂಡರೋ ಊರೂ ಅಲ್ಲೇ ಕೊಳ್ಳುತ್ತಿತ್ತು. ಅಂದು ಬಂದದ್ದು ತಮ್ಮ ಸೊಸೆಯ ಕುಬಸಕ್ಕೆ ಹಸಿರು ಸೀರೆ ಕೊಳ್ಳಲು. ಆಕೆಗೂ ನನ್ನಷ್ಟೇ ತಿಂಗಳು. ಕುಬಸವೆಂದರೆ ನಮ್ಮ ಕಡೆ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ದಿನ.

ಅತ್ತೆ ಎದ್ದು ನಿಂತು ಎರಡೂ ಕೈ ಮುಗಿದು, ಆಮೇಲೆ ಗೂಟದಿಂದ ಅರಿವೆ ತೆಗೆದು ಮುಂದೆ ಹಿಡಿದಳು.

“ಏನಿದು ನೀಲವ್ವಾ?”

“ಬ್ಯಾನಿ ದಿನಾರಿ ಗೌಡ್ರ. ಇಷ್ಟ ಕಟಗೊಂಡ ಒಳಗ ಬರ್ರಿ.”

ಗೌಡರು ಮೀಸೆಯ ಮೇಲೆ ಕೈ ಆಡಿಸಿದರು. ನಗುತ್ತಲೇ ಅಂದರು: “ನಮ್ಮಪ್ಪನ ಮುಂದೂ ಮುಚ್ಚದ ಮೀಸಿ ಇದು. ಅರಿವಿ ಅಂಗಡ್ಯಾಗ ಮುಚ್ಚಲೇನು?”

“ಇಲ್ಲೇ ಹೊರಗ ಹಾಸಿ ತೋರಸ್ತೀನ್ರಿ.”

“ಬೀದ್ಯಾಗ ನಿಂತ ಸೀರಿ ಆರಸಾಕ ನಾ ಏನು ಸಂತಿಗೆ ಬಂದೀನೇನು?” ಈಗ ನಗು ಇರಲಿಲ್ಲ. “ನಿನ್ನ ಸೊಸಿ ಒಬ್ಬಾಕಿನ ಬಸುರಿ ಅಲ್ಲ. ನನ್ನ ಸೊಸಿನೂ ಬಸುರಿ ಅದಾಳ. ನಾವೇನು ಬಾಯಿ ಕಟಗೊಂಡ ತಿರಗಾಕತ್ತೀವೇನು? ನಡೀಲೇ, ರಬಕವಿಗೆ ಗಾಡಿ ಹೊಡಿ.”

ಎತ್ತಿನ ಗಾಡಿ ತಿರುಗಿತು. ನನ್ನ ಗಂಡ ಒಳಗಿನಿಂದ ಓಡಿ ಬಂದಾಗ ಧೂಳು ಮಾತ್ರ ಉಳಿದಿತ್ತು. ಅಂದು ಮೊದಲ ಸಲ ಅವರು ತಾಯಿಗೆ ಎದುರು ಮಾತಾಡಿದ್ದು ಕೇಳಿದೆ.

“ಅವ್ವಾ, ಇನ್ನ ಆ ಊರವರು ಒಬ್ಬರೂ ಬರೂದಿಲ್ಲ. ದೀಪಾವಳಿ ವ್ಯಾಪಾರ ಹಾಳಾಗತೈತಿ.”

“ಆಗಲಿ.”

“ಮಂದಿ ನಮ್ಮನ್ನ ನೋಡಿ ನಗಾಕತ್ತಾರ. ಹೆಸರು ಕೆಡತೈತಿ.”

“ಆಗಲಿ.”

ನನ್ನ ಗಂಡ ಒಳಗೆ ಹೋದರು. ಅತ್ತೆ ಕಿರಿಚಿದ್ದರೆ ಜಗಳವಾದರೂ ಆಡಬಹುದಿತ್ತು. ಎದುರಿನ ಅಂಗಡಿಯಲ್ಲಿ ಜನ ಕಿಕ್ಕಿರಿಯುತ್ತಿದ್ದರು, ನಮ್ಮಲ್ಲಿ ಗೂಟಕ್ಕೆ ತೂಗಿದ ಅರಿವೆಗಳು ಗಾಳಿಗೆ ಅಲ್ಲಾಡುತ್ತಿದ್ದವು. ನನಗೂ ಒಳಗೊಳಗೆ ಅವಳ ಮೇಲೆ ಸಿಟ್ಟಿತ್ತು. ನನ್ನ ಹೆಸರಿನಲ್ಲಿ ಇಡೀ ಮನೆಯ ತುತ್ತಿಗೆ ಸಂಚಕಾರ ತರುತ್ತಿದ್ದಾಳೆ, ನಾಳೆ ಎಲ್ಲರೂ ನನ್ನನ್ನೇ ಅನ್ನುತ್ತಾರೆ ಎನಿಸುತ್ತಿತ್ತು. ಮಾವ ಮಾತ್ರ ಕುಣಿಯಲ್ಲಿ ಕೂತು ನಗೆಯಾಡುತ್ತಿದ್ದರು: “ಏ ನೀಲಾ, ನಾಳೆ ಗಾಡಿ ಎತ್ತಿಗೂ ಒಂದ ಕಟ್ಟಬೇ, ಅದೂ ಬುಸುಗುಡತೈತಿ.” ಅವರು ಆಗ ನನ್ನ ಕುಬಸದ ಸೀರೆ ನೇಯುತ್ತಿದ್ದರು. ಗಿಣಿ ಹಸಿರು ಒಡಲು, ಕೆಂಪು ಅಂಚು. ಮೊದಲ ಸೊಸೆಗೆಂದು ತಾವೇ ಬಣ್ಣ ಆರಿಸಿದ್ದರು. ಮುಗಿಸಿ ಮಡಿಸಿ ನನ್ನ ಕೈಗೆ ಕೊಟ್ಟಾಗ, “ನೋಡವಾ, ಒಂದ ಎಳಿ ಆಚಿ ಈಚಿ ಆಗಿಲ್ಲ” ಎಂದರು. ಅದನ್ನು ಅಂಗಡಿಯ ಮೇಲಿನ ಗೂಡಿನಲ್ಲಿ ಇಟ್ಟೆವು.

ಮಾವ ಮಲಗಿದ್ದು ಅದಾದ ಮೇಲೆ. ಮೊದಲು ಮೈ ನೋವೆಂದರು, ಸಂಜೆಗೆ ತಲೆ ಎತ್ತಲಿಲ್ಲ. ಅತ್ತೆಗೆ ನಂಬಲಿಕ್ಕೇ ಆಗಲಿಲ್ಲ. ಮಾವ ಅಂಗಡಿಗೆ ಕಾಲೇ ಇಡುವವರಲ್ಲ, ಪೇಟೆಗೆ ಹೋಗುವವರಲ್ಲ. ಎಲ್ಲಿಂದ ಬಂತು? ಮರುದಿನ ಮುಂಜಾನೆ ಅವಳು ಮಾವನ ಹಣೆಗೆ ತಣ್ಣೀರು ಬಟ್ಟೆ ಹಾಕುತ್ತಿದ್ದಾಗ ಹಿಂದಿನ ಬಾಗಿಲಲ್ಲಿ ಓಣಿಯ ನೇಕಾರನೊಬ್ಬ ಬಂದು ನಿಂತ. ಕೈಯಲ್ಲಿ ಲಾಳಿ.

“ಈರಪ್ಪಣ್ಣ ಇಲ್ಲೇನವ್ವಾ? ಮೊನ್ನೆ ಸುದ್ದ ಮಾಡಿಕೊಟ್ಟಿದ್ದ, ಮತ್ತ ಎಳಿ ಹಿಡ್ಯಾಕತ್ತೈತಿ. ಮಗ್ಗಕ್ಕ ಕೂಡೂ ನಮ್ಮಣ್ಣ ಜ್ವರ ಬಂದ ಮಲಗ್ಯಾನ, ಈಗ ನಾನ ಕೂತೀನಿ.”

ಅತ್ತೆ ಅವನ ಕೈಯಲ್ಲಿದ್ದ ಲಾಳಿಯನ್ನೇ ನೋಡಿದಳು. ಆ ತೂತಿನ ಸುತ್ತ ಕಟ್ಟಿಗೆ ತುಟಿ ತಾಗಿ ತಾಗಿ ನುಣುಪಾಗಿತ್ತು. ಯಾರು ಲಾಳಿ ತಂದರೂ ಮಾವ ಮೊದಲು ಮಾಡುತ್ತಿದ್ದ ಕೆಲಸ ಅದಕ್ಕೆ ಬಾಯಿ ಹಚ್ಚಿ ಹೀರಿ ನೋಡುವುದು. ಓಣಿಯ ಬಾಯಿಗಳೆಲ್ಲ ಹಿಂದಿನ ಬಾಗಿಲಿನಿಂದ ನಮ್ಮ ಮನೆಗೆ ಬರುತ್ತಿದ್ದವು. ಮುಂದಿನ ಬಾಗಿಲಲ್ಲಿ ಗೌಡರನ್ನು ತಿರುಗಿಸಿ ಕಳಿಸಿದವಳು ಇದನ್ನು ನೋಡಿಯೇ ಇರಲಿಲ್ಲ. ಹುಟ್ಟಿದಾಗಿನಿಂದ ನೋಡುತ್ತ ಬಂದದ್ದು, ಹಾಗಾಗಿ ಕಣ್ಣಿಗೆ ಬಿದ್ದಿರಲಿಲ್ಲ. ಅವಳು ಅಲ್ಲೇ ನೆಲಕ್ಕೆ ಕುಸಿದು ಕೂತಳು. ಅತ್ತೆ ಹಾಗೆ ಕೂತದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಕೂತದ್ದು ಸ್ವಲ್ಪ ಹೊತ್ತು. ಆಮೇಲೆ ಎದ್ದು ನನ್ನ ಚಾಪೆ, ಕೌದಿ, ತಂಬಿಗೆ ಎಲ್ಲ ಅಂಗಡಿಗೆ ಸಾಗಿಸಿದಳು. ಅಂಗಡಿಯ ಹಲಗೆಗಳನ್ನು ಹಾಕಿಸಿ ವ್ಯಾಪಾರ ಮುಚ್ಚಿದಳು. ನನ್ನನ್ನು ಅಲ್ಲಿ ಕೂರಿಸಿ ನಡುವಿನ ಬಾಗಿಲ ಅಗಳಿ ಹಾಕಿಕೊಳ್ಳಲು ಹೇಳಿದಳು. “ನಾ ಸತ್ತೆ ಅಂದ್ರೂ ತಗೀಬ್ಯಾಡ” ಎಂದಳು. ಯಾವ ಜಾಗದಿಂದ ನನ್ನನ್ನು ದೂರ ಇಟ್ಟಿದ್ದಳೋ ಆ ಜಾಗವೇ ಈಗ ನನಗೆ ಮನೆಯಾಯಿತು. ಊಟ ಬೀದಿಯ ಕಿಟಕಿಯಿಂದ ಬರುತ್ತಿತ್ತು.

ಬಾಗಿಲ ಆಚೆ ಮಾವನ ಕೆಮ್ಮು ಕೇಳಿಸುತ್ತಿತ್ತು. ಕೆಮ್ಮು ನಿಂತಾಗ ಒಮ್ಮೆ ಅವರು ಅಂದರು: “ಸೊಸವ್ವಾ, ವ್ಯಾಪಾರ ಹೆಂಗ ನಡದೈತಿ?”

“ಗಿರಾಕಿ ಇಲ್ಲರಿ ಮಾವಾರ” ಎಂದೆ.

“ಅರಿವಿ ಕಟ್ಟಸ್ತೀ ಅಂತ ಬರವಲ್ರು. ಆಕೀದ ಖರೆ ಐತಿ. ನಾ ಹಿಂಗಂದೆ ಅಂತ ನಿಮ್ಮತ್ತೀಗೆ ಹೇಳಬ್ಯಾಡ ಮತ್ತ.”

ಅವರು ನನ್ನ ಹತ್ತಿರ ಆಡಿದ ಕಡೆಯ ಮಾತು ಅದು. ಮಾವ ಹೋದಾಗ ಮುಖ ನೋಡಲು ಅತ್ತೆ ನನ್ನನ್ನು ಬಿಡಲಿಲ್ಲ. ಹಲಗೆಯ ಸಂದಿನಿಂದ ಹೊತ್ತು ಒಯ್ಯುವುದನ್ನು ನೋಡಿದೆ. ನನ್ನ ತಂದೆಗಿಂತ ಅವರ ಮೇಲೆ ನನಗೆ ಹೆಚ್ಚು ಪ್ರೀತಿ ಇತ್ತು. ಹೋಗಿ ಕಾಲು ಮುಟ್ಟಲಿಕ್ಕೂ ಆಗದೆ ಸೀರೆಗಳ ನಡುವೆ ಕೂತು ಅತ್ತುಬಿಟ್ಟೆ.

ಹೊರಗೆ ಅತ್ತೆಯ ಬಳೆ ಒಡೆದರು, ಕಾಲುಂಗುರ ತೆಗೆದರು. ಮರುದಿನ ಕಿಟಕಿಗೆ ಊಟ ತಂದಾಗ ಅವಳ ಕೈಯಲ್ಲಿ ಚಿಮಟ ಇತ್ತು. ಸುರುಳಿ ಸುತ್ತಿದ ಬೆಳ್ಳಿಯ ಕಾಲುಂಗುರವನ್ನು ನೆಟ್ಟಗೆ ಜಗ್ಗಿ, ತುದಿಯನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ಸಣ್ಣ ಮಾಡಿ, ಕೊಕ್ಕೆಯ ಹಾಗೆ ಬಗ್ಗಿಸಿದ್ದಳು.

“ಇದೇನ್ರಿ ಅತ್ತಿ?”

“ಲಾಳಿ ತೂತಿಗೆ ಹಾಕಿ ಎಳಿ ಜಗ್ಗಾಕ. ಇನ್ನ ಈ ಮನ್ಯಾಗ ಯಾರೂ ಲಾಳಿಗೆ ಬಾಯಿ ಹಚ್ಚೂದಿಲ್ಲ. ಓಣಿಯವರಿಗೂ ಹೇಳಿ ಬಂದೀನಿ. ತಂತಿ ಕೊಡ್ತೀನಿ, ಕೊಕ್ಕಿ ಮಾಡಕೋರ್ರಿ ಅಂತ.”

“ಏನಂದ್ರು?”

“ತಡಾ ಆಗತೈತಿ ಅಂದ್ರು.” ಕೊಕ್ಕೆಯ ತುದಿಯನ್ನು ಬೆರಳಿಗೆ ಒತ್ತಿ ನೋಡಿದಳು. ಆಮೇಲೆ, “ಆಗಲಿ ಅಂದೆ” ಎಂದಳು.

ಗಂಡ ಸತ್ತು ಮೂರು ದಿನವಾಗಿಲ್ಲ, ಮನೆಮನೆ ತಿರುಗಿ ಲಾಳಿಯ ಮಾತಾಡುತ್ತಾಳೆ ಎಂದು ಜನ ಆಡಿಕೊಂಡರು. ಅವಳು ಅಳುವುದನ್ನು ನಾನು ಕಣ್ಣಾರೆ ಕಂಡಿಲ್ಲ. ಆದರೆ ಅರಿವೆಯ ಮೇಲ್ಭಾಗ ಆ ದಿನಗಳಲ್ಲಿ ಸದಾ ಒದ್ದೆ ಇರುತ್ತಿತ್ತು.

ದೀಪಾವಳಿ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಎತ್ತಿನ ಗಾಡಿ ನಿಂತಿತು. ಹಲಗೆಯ ಸಂದಿನಿಂದ ನೋಡಿದೆ. ಚನ್ನಗೌಡರು. ಗಾಡಿಯಿಂದ ಇಳಿದವರು ಹೊಸ್ತಿಲಿನಿಂದ ದೂರವೇ ನಿಂತರು. ತಲೆಯ ರುಮಾಲಿನ ಸೆರಗನ್ನು ಎಳೆದು, ಯಾರೂ ಹೇಳದೆ, ಮೂಗು ಬಾಯಿ ಮೀಸೆ ಎಲ್ಲ ಮುಚ್ಚಿಕೊಂಡರು.

ಗಾಡಿಯ ಸದ್ದಿಗೆ ಅತ್ತೆ ಓಣಿಯಿಂದ ಸುತ್ತು ಹಾಕಿ ಮುಂದೆ ಬಂದಳು. ಗೌಡರು ಅವಳ ಬರಿಗೈ ನೋಡಿದರು, ಬರಿಹಣೆ ನೋಡಿದರು.

“ಈರಪ್ಪ…?”

“ಹೋದ್ರು.”

 ಗೌಡರು ಅಂದರು: “ಒಂದ ಹಸರ ಸೀರಿ ಬೇಕಾಗಿತ್ತು ನೀಲವ್ವಾ. ಸೊಸಿ ಹೋದ್ಲು. ಕೂಸೂ ಹೊಟ್ಯಾಗ ಹೋತು. ರಬಕವ್ಯಾಗ ಕೊಂಡಿದ್ದನ್ನ ಕುಬಸಕ್ಕ ಉಟ್ಟಿದ್ಲು, ಜ್ವರದಾಗ ಹಾಳಾತು. ಮುತ್ತೈದಿ ಹೆಣ, ಬರೇ ಬಿಳೀದರಾಗ ಕಳಸಾಕ ಮನಸಿಲ್ಲ. ಹತ್ತ ಅಂಗಡಿ ತಿರಗಿದೆ. ಈ ತಿಂಗಳು ಹಸರ ಸೀರಿ ಎಲ್ಲೂ ಉಳದಿಲ್ಲ.”

ಎಲ್ಲೂ ಯಾಕೆ ಉಳಿದಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು. ಆ ತಿಂಗಳು ಸತ್ತ ಮುತ್ತೈದೆಯರಿಗೆಲ್ಲ ಹಸಿರು ಬೇಕಾಗಿತ್ತು. ನಮ್ಮಲ್ಲೂ ಅಂಗಡಿ ಮುಚ್ಚುವ ಮುಂಚೆಯೇ ಎಲ್ಲ ಹೋಗಿತ್ತು, ಒಂದು ಬಿಟ್ಟು. ಅತ್ತೆಯ ದನಿ ಬಂತು: “ನಮ್ಮಲ್ಲೂ ಇಲ್ಲರಿ ಗೌಡ್ರ.”

ಅತ್ತೆ ವ್ಯಾಪಾರದಲ್ಲಿ ಎಷ್ಟು ಸುಳ್ಳು ಹೇಳಿರಬಹುದೋ ನಾನು ಬಲ್ಲೆ. ಅಂದಿನ ಸುಳ್ಳಿನಷ್ಟು ಕಷ್ಟದ್ದು ಇನ್ನೊಂದಿರಲಿಲ್ಲ. ಗೌಡರು ತಲೆ ಆಡಿಸಿ ಗಾಡಿಯ ಕಡೆ ತಿರುಗಿದರು. ನಾನು ಮೇಲಿನ ಗೂಡಿನ ಕಡೆ ನೋಡಿದೆ. ಮಾವನ ಕೈಯ ಕೊನೆಯ ಸೀರೆ. ನನ್ನ ಕುಬಸದ್ದು. ಬಸುರಿ ತನ್ನ ಕುಬಸದ ಸೀರೆಯನ್ನು ಹೆಣಕ್ಕೆ, ಅದೂ ಬಸುರಿಯ ಹೆಣಕ್ಕೆ ಕೊಟ್ಟರೆ ಏನಾಗುತ್ತದೆಂದು ನಮ್ಮ ಕಡೆಯ ಯಾವ ಹೆಣ್ಣಿಗೂ ಹೇಳಬೇಕಾಗಿಲ್ಲ. ಹೊಟ್ಟೆಯಲ್ಲಿ ಕೂಸು ಮಿಸುಕಾಡಿತು. ಆದರೂ ಬಾಯಿಗೆ ಅರಿವೆ ಕಟ್ಟಿಕೊಂಡು ಸೀರೆಯನ್ನು ಎಳೆದು ಕಿಟಕಿಯಿಂದ ಹೊರಗೆ ಚಾಚಿದೆ.

“ಗೌಡ್ರ, ಇದನ್ನ ಒಯ್ಯಿರಿ.”

ಅತ್ತೆ ಧಾವಿಸಿ ಬಂದಳು. “ಏ ಹುಚ್ಚಿ, ಒಳಗ ತಗೋ! ಅದು ನಿನ್ನ ಕುಬಸದ್ದು!”

ಅದನ್ನು ಕೇಳಿ ಗೌಡರು ಹಿಂದೆ ಸರಿದರು. “ಬ್ಯಾಡವಾ ತಂಗಿ. ಬಸುರಿ ಹೆಣಮಗಳ ಸೀರಿ ಒಯ್ಯೂವಷ್ಟು ಕೆಟ್ಟವ ನಾ ಅಲ್ಲ.”

“ನಮ್ಮನ್ಯಾಗ ಮಗ್ಗ ಐತಿ, ನನಗ ಇನ್ನೊಂದ ನೇಯ್ತಾರ. ಆಕಿಗೆ ಇನ್ನೊಂದಿಲ್ಲ. ನಾ ಕೈ ಹಿಂದ ತಗೊಳ್ಳೂದಿಲ್ಲ ನೋಡ್ರಿ.”

ಎಷ್ಟು ಹೊತ್ತು ಕೈ ಚಾಚಿ ನಿಂತಿದ್ದೆನೋ. ಕೊನೆಗೆ ಅತ್ತೆಯೇ ನನ್ನ ಕೈಯಿಂದ ಸೀರೆ ತೆಗೆದುಕೊಂಡಳು. ಒಮ್ಮೆ ಮಡಿಕೆಯ ಮೇಲೆ ಕೈಯಾಡಿಸಿ, ಹೊಸ್ತಿಲ ಮೇಲಿಟ್ಟು ಹಿಂದೆ ಸರಿದಳು. ಗೌಡರು ಬಗ್ಗಿ ಎತ್ತಿಕೊಂಡರು. ದುಡ್ಡಿನ ಮಾತು ಅವರೂ ಆಡಲಿಲ್ಲ, ಇವಳೂ ಆಡಲಿಲ್ಲ. ಮೀಸೆಯ ಮೇಲಿನ ರುಮಾಲು ಗಾಡಿ ಪೇಟೆ ದಾಟುವವರೆಗೂ ಹಾಗೇ ಇತ್ತು.

ಗಾಡಿ ಮರೆಯಾದ ಮೇಲೆ ಬೈಗುಳಕ್ಕೆ ತಯಾರಾಗಿ ನಿಂತೆ. ಅತ್ತೆ ಬೈಯಲಿಲ್ಲ. “ಇನ್ನೊಂದ ನೇಯ್ತಾರ ಅಂದೆಲ್ಲ, ಯಾರ ನೇಯ್ತಾರ?” ಎಂದಷ್ಟೇ ಕೇಳಿದಳು. ಮಾವ ಇರಲಿಲ್ಲ. ನನ್ನ ಗಂಡನಿಗೂ ಜ್ವರ ಬಂದು ಬಿಟ್ಟು ಹೋಗಿ, ಕುಣಿಗೆ ಇಳಿಯುವ ಬಲವಿರಲಿಲ್ಲ. 

ಮರುದಿನ ಬೆಳಿಗ್ಗೆ ನಡುವಿನ ಬಾಗಿಲ ಆಚೆಯಿಂದ ಮಗ್ಗದ ಸದ್ದು ಬಂತು. ಒಂದು ಹೊಡೆತ, ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಮತ್ತೊಂದು ಹೊಡೆತ. ನಮ್ಮ ಓಣಿಯಲ್ಲಿ ಹೆಂಗಸರು ಕಂಡಿಕೆ ಸುತ್ತುವವರು, ಕುಣಿಗೆ ಇಳಿಯುವವರು ಗಂಡಸರು. ಅಗಳಿ ತೆಗೆಯದೆ ಬಾಗಿಲ ಸಂದಿಗೆ ಕಣ್ಣಿಟ್ಟು ನೋಡಿದೆ. ಅತ್ತೆ ಮಾವನ ಕುಣಿಯಲ್ಲಿ ಕೂತಿದ್ದಳು, ಬಾಯಿಗೆ ಅರಿವೆ ಕಟ್ಟಿಕೊಂಡು. ಹಾಸಿನಲ್ಲಿ ಹಸಿರು ನೂಲು. ಲಾಳಿಯಲ್ಲಿ ಎಳೆ ಮುಗಿದಾಗಲೆಲ್ಲ ಬೆಳ್ಳಿಯ ಕೊಕ್ಕೆಯನ್ನು ತೂತಿಗೆ ಹಾಕಿ, ತಪ್ಪಿ, ಮತ್ತೆ ಹಾಕಿ, ಎಳೆ ಹೊರಗೆ ತೆಗೆಯುತ್ತಿದ್ದಳು. ಗಂಡ ಸತ್ತಾಕಿ ಕುಣಿಗೆ ಇಳಿದಾಳೆ, ಆ ಸೀರೆ ಬಸುರಿಗೆ ಉಡಿಸತಾಳಂತೆ ಎಂದು ಓಣಿಯ ಹೆಂಗಸರು ಹಿಂದಿನ ಬಾಗಿಲಲ್ಲಿ ನಿಂತು ಹೇಳಿದ್ದೂ ಕೇಳಿಸಿತು. ಅವಳು ಲಾಳಿ ಒಗೆಯುವುದನ್ನು ನಿಲ್ಲಿಸಲಿಲ್ಲ.

ಕಾರ್ತಿಕ ಮುಗಿಯುವುದರೊಳಗೆ ಜ್ವರ ಇಳಿಮುಖವಾಯಿತು. ಸೀರೆ ಮುಗಿಯಿತು. ಅಂಚು ಒಂದು ಕಡೆ ಒಳಗೆ ಎಳೆದಿತ್ತು, ಇನ್ನೊಂದು ಕಡೆ ಉಬ್ಬಿತ್ತು. ನಡುನಡುವೆ ಎಳೆ ತಪ್ಪಿದ ಗುರುತು. ಅಂಥ ಸೀರೆ ಯಾರಾದರೂ ಅಂಗಡಿಗೆ ತಂದಿದ್ದರೆ ಅತ್ತೆ ಬೀದಿಗೆ ಎಸೆಯುತ್ತಿದ್ದಳು. ಅದನ್ನೇ ನನಗೆ ಉಡಿಸಿ, ಎದುರು ಮನೆಯ ಮುತ್ತೈದೆಯಿಂದ ಉಡಿ ತುಂಬಿಸಿದಳು. ಅಂಗಡಿಯ ಹಲಗೆ ತೆಗೆದ ದಿನ ಗೂಟಕ್ಕೆ ಹೊಸ ಅರಿವೆಗಳನ್ನು ತೂಗುಬಿಟ್ಟಳು. ಯಾರು ಬರುತ್ತಾರೆಂದು ನಾನು ಅನುಮಾನಪಟ್ಟೆ. ಮುಧೋಳ ಕಡೆಯ ಎರಡು ಗಾಡಿ ಬಂದವು. ಇಳಿದ ಗಂಡಸರೆಲ್ಲ ರುಮಾಲಿನ ಸೆರಗಿನಿಂದ ಮೀಸೆ ಮುಚ್ಚಿಕೊಂಡಿದ್ದರು. ಅತ್ತೆ ಅವರನ್ನು ಕೇಳಲೂ ಇಲ್ಲ, ಒಬ್ಬ ತಾನಾಗಿಯೇ, “ಗೌಡ್ರು ಹೇಳ್ಯಾರ್ರಿ. ನೀಲವ್ವನ ಅಂಗಡ್ಯಾಗ ಹಂಗ ಹೋಗಬ್ಯಾಡ್ರಿ ಅಂತ” ಎಂದ.

ಚಳಿ ಕಳೆಯುವ ಹೊತ್ತಿಗೆ ಮಗಳು ಹುಟ್ಟಿದಳು. ಮಾವನ ಹೆಸರನ್ನೇ ಇಟ್ಟೆವು, ಈರವ್ವ ಎಂದು. ಅತ್ತೆ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಮೊದಲ ಸಲ ಅರಿವೆ ಬಿಚ್ಚಿದಾಗ, ಮೂಗಿನ ಎರಡು ಬದಿಗೆ ಲಾಡಿಯ ಗೆರೆ ಬಿದ್ದಿತ್ತು. ನಾನು ಮದುವೆಯಾಗಿ ಬಂದಾಗ ಕಂಡ ಮುಖ ಅದಾಗಿರಲಿಲ್ಲ. ಬಹಳ ಮುದಿಯಾಗಿದ್ದಳು.

ಅತ್ತೆ ಹೋಗಿ ವರ್ಷಗಳಾದವು. ಈಗ ಸಂಸ್ಥಾನವೂ ಹೋಯಿತು. ಬನಹಟ್ಟಿಯ ಆ ಮನೆ ಬೇರೆಯವರದು. ಕೊಕ್ಕೆ ಮಾತ್ರ ನನ್ನ ಬೀಗದ ಕೈ ಗೊಂಚಲಿನಲ್ಲಿ ಇರುತ್ತದೆ, ಅತ್ತೆ ನೇಯ್ದ ಆ ಸೀರೆ ನನ್ನ ಪೆಟ್ಟಿಗೆಯ ಅಡಿಯಲ್ಲಿದೆ.

ಕತೆ ಮುಗಿದಾಗ ಅಳಿಯಂದಿರ ಮಗ್ಗ ನಿಂತಿತ್ತು. ನಾನು ಗೊಂಚಲಿನಿಂದ ಕೊಕ್ಕೆ ಬಿಚ್ಚಿ ಅವರ ಮುಂದೆ ಇಟ್ಟೆ. ಅವರು ತೆಗೆದುಕೊಂಡು, ಹೊಸ ಕಂಡಿಕೆ ಹಾಕಿ, ತೂತಿನಲ್ಲಿ ಕೊಕ್ಕೆ ಆಡಿಸಿದರು. ಎಳೆ ಸಿಗಲಿಲ್ಲ. ಮತ್ತೆ ಆಡಿಸಿದರು. ಈರವ್ವ ರಾಟೆ ನಿಲ್ಲಿಸಿ ನೋಡುತ್ತಿದ್ದಳು. ಮೂರನೆಯ ಸಲಕ್ಕೆ ಎಳೆ ಬೆಳ್ಳಿಯ ತುದಿಗೆ ಸಿಕ್ಕು ಹೊರಗೆ ಬಂತು.

“ತಡಾ ಆಗತೈತ್ರಿ ಅತ್ತಿ” ಎಂದರು.

“ಆಗಲಿ” ಎಂದೆ.